ವಿಮಾನ ಹುಡುಕಿದವರನ್ನು ಹೊತ್ತ ಕುರ್ಚಿ

ಬಿಳಿಜೋಳದ ಕೊಯ್ಲು ನಡೆದಿತ್ತು. ಹೊಲದಿಂದ ಬಂದವರ ತಲೆಯಲ್ಲಿ ರವದಿಯ ಒಣ ಗರಿ ಸಿಕ್ಕಿಕೊಂಡಿರುತ್ತಿತ್ತು. ಆ ಸುಗ್ಗಿಯಲ್ಲೇ ಬಡಿಗರ ಮೋನಪ್ಪ ಜಾಲಿ ಕಟ್ಟಿಗೆಯಿಂದ ನನ್ನನ್ನು ಮಾಡಿದ. ನಾನು ಒಂದು ಕ್ಷೌರದಂಗಡಿಯ ಕುರ್ಚಿ. ನನ್ನ ಒಡೆಯ ಹಡಪದ ಶಂಕ್ರಪ್ಪ.

ಮನುಷ್ಯರನ್ನು ನಾನು ಬಲ್ಲದ್ದು ಕೆಳಗಿನಿಂದ. ಯಾರ ಮಾತು ಹಗುರವೋ ಅವರೇ ನನ್ನ ಮೇಲೆ ಬಹಳ ಹೊತ್ತು ಕೂಡುತ್ತಿದ್ದರು.

ನನಗೆ ಹದಿನೇಳು ತುಂಬಿದ ವರ್ಷ, ಹೊರದೇಶಕ್ಕೆ ವೆಲ್ಡಿಂಗ್ ಕೆಲಸಕ್ಕೆಂದು ಹೊರಟ ನಮ್ಮೂರ ಮಾಳಪ್ಪ ಕೂತ ವಿಮಾನ ಸಮುದ್ರದ ಮೇಲೆ ಕಾಣೆಯಾಯಿತು. ಚೂರು ಸಿಗಲಿಲ್ಲ, ಹೆಣ ಸಿಗಲಿಲ್ಲ. ಊರ ಗಂಡಸರಿಗೆ ಮಾತು ಸಿಕ್ಕಿತು.

ವಿಮಾನದ ಮೆಟ್ಟಿಲನ್ನೂ ತುಳಿಯದ ನಿವೃತ್ತ ಕಂಪೌಂಡರ್ ಗುರಪ್ಪ ಕೆನ್ನೆ ತುಂಬ ನೊರೆ ಹಚ್ಚಿಸಿಕೊಂಡು, "ಯಾವುದೋ ನಡುಗಡ್ಡಿಯಾಗ ಇಳಿಸ್ಯಾರ. ಗುಟ್ಟು ಬಿಡವಲ್ರು," ಎನ್ನುತ್ತಿದ್ದ. ಲಾರಿ ಡ್ರೈವರ್ ಕೊಟ್ರೇಶಿಗಂತೂ ಪೈಲಟ್ಟಿನ ಮನಸ್ಸೇ ಗೊತ್ತು. "ಬೇಕಂತ ದಾರಿ ಬದಲಿಸ್ಯಾನ್ರಿ. ಸ್ಟೇರಿಂಗ್ ಹಿಡಿದವರಿಗಷ್ಟ ತಿಳೀತೈತಿ."

"ಅದಕ್ಕ ಎಣ್ಣಿ ಎಷ್ಟು ಹಿಡೀತೈತಪಾ?" ಎಂದು ಶಂಕ್ರಪ್ಪ ಕೇಳಿದರೆ ಇಬ್ಬರೂ ಬೀದಿ ಕಡೆ ನೋಡುತ್ತಿದ್ದರು.

ಇದನ್ನೆಲ್ಲ ನಂಬಿ ಕೆಟ್ಟವನು ಮಾಳಪ್ಪನ ತಮ್ಮ ನಿಂಗರಾಜ. ಎಡೆಗೆ ಮೊದಲು ಅಣ್ಣನಿಗಾಗಿ ತಲೆ ಬೋಳಿಸಿಕೊಳ್ಳಬೇಕಾದವನು ಅವನೇ. ಹೆಣವಿಲ್ಲದಿದ್ದರೂ ಮಗನಿಗೆ ಎಡೆ ಇಡಬೇಕೆಂದು ತಾಯಿ ಕರೆವ್ವ ಹಟ ಹಿಡಿದಿದ್ದಳು. ಅವನು ಕ್ಷೌರಕ್ಕೆಂದು ಬಂದಾಗಲೆಲ್ಲ ಗುರಪ್ಪ ಅಡ್ಡ ಬಾಯಿ ಹಾಕುತ್ತಿದ್ದ: "ಬದುಕಿದ್ದವಗ ಎಡಿ ಇಟ್ರ ಆಯುಷ್ಯ ಹರೀತೈತೋ ತಮ್ಮಾ. ತಡಿ."

ನಿಂಗರಾಜ ಹೆದರಿ ಹಾಗೇ ಹೋಗುತ್ತಿದ್ದ. ಹೀಗೆ ಎರಡು ವರ್ಷ. ಎಡೆಯಾಗುವ ತನಕ ಒಂದೇ ಹೊತ್ತು ಉಣ್ಣುತ್ತೇನೆಂದ ಕರೆವ್ವ ಸೊರಗಿ ಕಡ್ಡಿಯಾದಳು.

ಒಂದು ಭಾನುವಾರ ಅಂಗಡಿ ತುಂಬಿದ್ದಾಗ ಅವಳು ನಿಂಗರಾಜನ ರಟ್ಟೆ ಹಿಡಿದು ಒಳಗೆ ಬಂದಳು. ಹೆಂಗಸರು ಆ ಹೊಸ್ತಿಲು ತುಳಿಯುವ ರೂಢಿಯಿಲ್ಲ.

"ಏಳ್ರಿ, ಕಂಪೌಂಡರ್ ಸಾಹೇಬ್ರ."

ಅರ್ಧ ಗಡ್ಡದ ಗುರಪ್ಪ ಎದ್ದ. ಅವಳು ಕೂತಳು. ಅಷ್ಟು ಕಡಿಮೆ ತೂಕದ ಹಿರಿಜೀವವನ್ನು ನಾನು ಅದುವರೆಗೆ ಹೊತ್ತಿರಲಿಲ್ಲ.

"ನನ ಮಗ ಬದುಕಿದ್ರ ಎಲ್ಲ್ಯರ ಉಂಡಿರ್ತಾನ. ಸತ್ತಿದ್ರ ಹಸಿದಿರ್ತಾನ. ಯಾರಿಗೆ ಮೊದಲ ನೀಡ್ಬೇಕು, ಹೇಳ್ರಿ?"

"ನಾಳಿ ತಿರುಗಿ ಬಂದ್ರ, ಕರೆವ್ವಾ?" ಎಂದ ಕೊಟ್ರೇಶಿ.

"ಬರಲಿ. ತೊಟ್ಟಿಲದಾಗ ಹಾಕಿ ಹೊಸಾ ಹೆಸರು ಇಡ್ತೀನಿ. ಸತ್ತಾನಂದವ ತಿರುಗಿ ಬಂದ್ರ ಹಂಗ ಮಾಡೂದಲ್ಲೇನು? ನಿಮ್ಮ ಗಂಟೇನು ಹೋಗ್ತೈತಿ?"

ಗುರಪ್ಪನ ಕೆನ್ನೆಯ ನೊರೆ ಒಣಗಿ ಉದುರಿತು.

ಸಾವಿನ ಕ್ಷೌರ ಕುರ್ಚಿಯ ಮೇಲೆ ಮಾಡುವುದಿಲ್ಲ. ನಿಂಗರಾಜ ನೆಲದ ಮೇಲೆ ಕೂತ; ಕ್ಷೌರಕ್ಕೆ ಬಂದ ಒಬ್ಬನನ್ನು ನಾನು ಮೊದಲ ಸಲ ಮೇಲಿನಿಂದ ನೋಡಿದೆ. ನೆತ್ತಿಗೆ ನೀರು ತಾಗಿದಾಗ ಅವನು "ಅಣ್ಣಾ" ಎಂದ. ಶಂಕ್ರಪ್ಪ ಕತ್ತಿ ತಡೆದು, ಅವನ ಉಸಿರು ಹದಕ್ಕೆ ಬಂದಮೇಲೆ ಬೋಳಿಸಿದ.

ಎಡೆಯ ದಿನ ಗುರಪ್ಪ, ಕೊಟ್ರೇಶಿ ಇಬ್ಬರೂ ಹೋಗಿ ಎರಡೆರಡು ಸಲ ಹೋಳಿಗೆ ಹಾಕಿಸಿಕೊಂಡರಂತೆ. ಕೈ ತೊಳೆಯುತ್ತಲೇ ಮತ್ತೆ ನಡುಗಡ್ಡೆ.

ಈಗ ಅಂಗಡಿಗೆ ತಿರುಗುವ ಕುರ್ಚಿ ಬಂದಿದೆ. ಕಾಲು ಮುರಿದ ನನ್ನ ಮೇಲೆ, ಹಿತ್ತಲಲ್ಲಿ, ಕೋಳಿಗಳು ಕೂಡುತ್ತವೆ. ಅವೂ ಗದ್ದಲ ಮಾಡುತ್ತವೆ, ಆದರೆ ಮೊಟ್ಟೆ ಇಡುತ್ತವೆ. ಒಳಗಿನಿಂದ ಆ ಇಬ್ಬರ ದನಿ ಇನ್ನೂ ಕೇಳುತ್ತದೆ. ವಿಮಾನವನ್ನು ಈಗ ಮರಳುಗಾಡಿನಲ್ಲಿ ಇಳಿಸಿದ್ದಾರೆ. ಕರೆವ್ವನ ಮುಂದೆ ನಿಂತು "ತಪ್ಪಾಯ್ತವ್ವಾ" ಎನ್ನಬೇಕಾದ ಮಾತೊಂದು ಅವರ ಮೇಲೆ ಬಾಕಿಯಿದೆ. ಅವಳು ಆ ಬಾಕಿಯನ್ನು ಕೇಳಿಲ್ಲ. ಎರಡು ಹೊತ್ತೂ ಉಣ್ಣುತ್ತಾಳಂತೆ.