ಐದೂವರೆ ಬಸ್ಸು

ನೀಲಗಿರಿಯ ಚೇರಂಬಾಡಿ ದಾರಿಯಲ್ಲಿ ಟೀ ಫ್ಯಾಕ್ಟರಿ ಇಟ್ಟುಕೊಂಡಿದ್ದ ನಂಜುಂಡೇಶನಿಗೆ ಆ ಮೇ ತಿಂಗಳಲ್ಲಿ ಒಂದೇ ಚಿಂತೆ: ಕೆಲಸಕ್ಕೆ ಜನ ನಿಲ್ಲುತ್ತಿಲ್ಲ. ಸುತ್ತಲಿನ ಸಣ್ಣ ಬೆಳೆಗಾರರು ತಂದ ಎಲೆಯನ್ನು ಅಂದಂದೇ ಹರಡಿ ಬಾಡಿಸದಿದ್ದರೆ ಮೂಟೆಯಲ್ಲೇ ಬೆಂದುಹೋಗುತ್ತದೆ. ಹರಡುವ ಹೆಂಗಸರು ಹದಿನೆಂಟು ಜನ ಇದ್ದವರು ಏಳಕ್ಕೆ ಇಳಿದಿದ್ದರು. ಹೀಗೇ ಆದರೆ ಬೆಳೆಗಾರರು ಎಲೆಯನ್ನು ಎರಡು ಮೈಲಿ ಆಚೆ ಇರುವ ರಂಗನಾಥನ್ ಫ್ಯಾಕ್ಟರಿಗೆ ಹಾಕುತ್ತಾರೆ. ಆಮೇಲೆ ಇವನದಕ್ಕೆ ಬೀಗವೇ ಗತಿ.

ಬಿಟ್ಟುಹೋದವರನ್ನೇ ಯಾಕೆ ಹೋದಿರಿ ಎಂದು ಕೇಳಬಹುದಿತ್ತು. ಆದರೆ ನಂಜುಂಡೇಶ ಓದಿಕೊಂಡವನು, ಅಷ್ಟು ಸುಲಭದ ಕೆಲಸಕ್ಕೆ ಕೈಹಾಕುವವನಲ್ಲ. ಕೊಯಮತ್ತೂರಿನಿಂದ ಹರಿಹರನ್ ಎಂಬ ಸಲಹೆಗಾರನನ್ನು ಕರೆಸಿದ.

ಹರಿಹರನ್ ಮೂರು ದಿನ ಗೆಸ್ಟ್ ಹೌಸಿನಲ್ಲಿ ಆಮ್ಲೆಟ್ ತಿಂದು, ಉಳಿದ ಏಳು ಜನಕ್ಕೂ ನಲವತ್ತೆರಡು ಪ್ರಶ್ನೆಗಳ ಫಾರಂ ಹಂಚಿದ. ಐದು ವರ್ಷದ ನಂತರ ನೀವು ಎಲ್ಲಿರಬಯಸುತ್ತೀರಿ ಎಂಬುದು ಅದರಲ್ಲೊಂದು.

"ನಮ್ಮನೇಲೇ ಇರ್ತೀನಿ. ಇನ್ನೆಲ್ಲಿಗೆ ಹೋಗ್ಲಿ?" ಎಂದಳು ಪಾಪಾತಿ.

ಮಹತ್ವಾಕಾಂಕ್ಷೆ ಕಡಿಮೆ ಎಂದು ಅವನು ಬರೆದುಕೊಂಡ. ಕೈಗಾರಿಕಾ ಕಾರ್ಮಿಕರ ಹೊಸ ಒಲವುಗಳ ಮೇಲೆ ಅರವತ್ತು ಪುಟದ ವರದಿ ತಯಾರಾಯಿತು. ಅದರಂತೆ ಮೊಬೈಲಿನಲ್ಲಿ ಜಾಹೀರಾತು ಕೊಟ್ಟು ಸಂದರ್ಶನ ಇಟ್ಟರು. ಇಬ್ಬರು ಬಂದರು. ಅವರಲ್ಲಿ ಒಬ್ಬ ಇನ್ಶೂರೆನ್ಸ್ ಏಜೆಂಟು.

ಕೊನೆಗೆ ಎಲೆ ಹರಡುವವರಲ್ಲೇ ಹಿರಿಯಳಾದ, ಗುಂಡ್ಲುಪೇಟೆ ಕಡೆಯ ಸಿದ್ದಾಜಮ್ಮ ಆಫೀಸಿನ ಬಾಗಿಲಿಗೆ ಬಂದು ನಿಂತಳು.

"ಸಾಮಿ, ನೀವು ಆರಕ್ಕೆ ಬುಡ್ತೀರಿ. ಕಡೇ ಬಸ್ಸು ಐದೂವರೆಗೆ ಹೊಂಟೋಯ್ತದೆ. ಆಮೇಲೆ ನಡಕೊಂಡು ಹೋಗೋ ದಾರೀಲಿ ಆನೆ. ರಂಗನಾಥನ್ ಫ್ಯಾಕ್ಟರೀಲಿ ಐದಕ್ಕೇ ಬುಡ್ತಾರೆ. ಅದಕ್ಕೇ ಎಲ್ಲಾ ಅತ್ಲಾಗೆ ಹೋದ್ರು."

ನಂಜುಂಡೇಶನಿಗೆ ಮುಖಕ್ಕೆ ಹೊಡೆದಂತಾಯಿತು. ಅರವತ್ತು ಪುಟಗಳಲ್ಲಿ ಎಲ್ಲೂ ಬಸ್ಸಿರಲಿಲ್ಲ. ಮರುದಿನದಿಂದ ಕೆಲಸ ಒಂದು ಗಂಟೆ ಮೊದಲೇ ಶುರುವಾಗಿ ಐದಕ್ಕೆ ಮುಗಿಯತೊಡಗಿತು. ವಾರದೊಳಗೆ ಹದಿನೆಂಟೂ ಜನ ಹಾಜರ್. ಹರಿಹರನ್ ತಡಮಾಡದೆ ಅರವತ್ತೊಂದನೆಯ ಪುಟ ಸೇರಿಸಿದ. ಅದನ್ನು ಓದಿದ ಊಟಿಯ ಮಾಲೀಕರ ಸಂಘವೊಂದು ನಂಜುಂಡೇಶನಿಗೆ 'ಕಾರ್ಮಿಕಸ್ನೇಹಿ ಉದ್ಯಮಿ' ಎಂಬ ಪ್ರಶಸ್ತಿ ಘೋಷಿಸಿತು.

ಸಮಾರಂಭ ಫ್ಯಾಕ್ಟರಿಯ ಅಂಗಳದಲ್ಲೇ, ನಾಲ್ಕು ಗಂಟೆಗೆ. ಫೋಟೋ ಚೆನ್ನಾಗಿ ಬರಲೆಂದು ಹೆಂಗಸರಿಗೆಲ್ಲ ಒಂದೇ ಬಣ್ಣದ ಸೀರೆ ಉಡಿಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಮುಖ್ಯ ಅತಿಥಿಗಳು ಬಂದಾಗ ಐದು ದಾಟಿತ್ತು. ಅಷ್ಟರ ಮೇಲೆ ಹರಿಹರನ್ ಪರದೆಯ ಮೇಲೆ ಅಂಕಿಅಂಶ ತೋರಿಸಲು ನಿಂತ. ಐದೂ ಇಪ್ಪತ್ತಕ್ಕೆ ಸಿದ್ದಾಜಮ್ಮ ಎದ್ದಳು.

"ಸಾಮಿ, ಟೈಮಾಯ್ತು."

"ಹತ್ತೇ ನಿಮಿಷ, ಕೂತ್ಕೊಳ್ಳಮ್ಮ," ಎಂದು ನಂಜುಂಡೇಶ ಹಲ್ಲು ಕಚ್ಚಿ ಪಿಸುಗುಟ್ಟಿದ. "ಇದೆಲ್ಲ ನಿಮಗೋಸ್ಕರ ತಾನೆ? ಮರ್ಯಾದೆ ತೆಗೀಬೇಡಿ."

ಅವಳು ಕೂತಳು. ದುಡಿಯುವವರ ಸಮಯಕ್ಕೆ ಬೆಲೆ ಕೊಟ್ಟ ಏಕೈಕ ಮಾಲೀಕ ಎಂದು ಅತಿಥಿಗಳು ಹೊಗಳುತ್ತಿರುವಾಗ ಗೇಟಿನಾಚೆ ಬಸ್ಸು ಹಾರ್ನ್ ಹೊಡೆದು ಹೋಯಿತು. ಚಪ್ಪಾಳೆಯಲ್ಲಿ ಅದು ನಂಜುಂಡೇಶನೊಬ್ಬನಿಗೆ ಕೇಳಿಸಲಿಲ್ಲ.

ಅಂದಿನ ಮಟ್ಟಿಗೆ ಹೆಂಗಸರನ್ನು ಬಿಟ್ಟುಬರಲು ಫ್ಯಾಕ್ಟರಿಯ ಜೀಪಾದರೂ ಆಗುತ್ತಿತ್ತು. ಆದರೆ ಅದು ಅತಿಥಿಗಳಿಗೆ ಕೊಟ್ಟ ಟೀ ಪೊಟ್ಟಣಗಳನ್ನು ಹೊತ್ತು ಅವರ ಕಾರಿನ ಹಿಂದೆ ಹೋಗಿತ್ತು. ಹದಿನೆಂಟು ಜನ ನಡೆದೇ ಹೊರಟರು. ದಾರಿಯಲ್ಲಿ ಆನೆ ಅಡ್ಡ ನಿಂತಿತ್ತಂತೆ. ಅದು ಸರಿಯುವವರೆಗೆ ಒಂದು ಗಂಟೆ, ಒಬ್ಬರ ಕೈ ಒಬ್ಬರು ಹಿಡಿದು, ಉಸಿರೆತ್ತದೆ ನಿಂತಿದ್ದರಂತೆ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಮರುದಿನ ಎಲೆ ಬಂತು, ಹರಡುವವರು ಬರಲಿಲ್ಲ. ಹರಿಹರನಿಗೆ ಫೋನ್ ಮಾಡಿದರೆ ಇನ್ನೊಂದು ಸರ್ವೆ ಮಾಡೋಣ ಎಂದ. ನಂಜುಂಡೇಶ ಸನ್ಮಾನದ ಶಾಲನ್ನೇ ಸೊಂಟಕ್ಕೆ ಬಿಗಿದು ಮಧ್ಯಾಹ್ನದವರೆಗೆ ಎಲೆ ಹರಡಿದ. ಅರ್ಧಕ್ಕರ್ಧ ಮೂಟೆಯಲ್ಲೇ ಕಪ್ಪಾಯಿತು.

ಸಂಜೆ, ಹುಟ್ಟಿದಾಗಿನಿಂದ ಮೊದಲ ಸಲ, ಬಸ್ ಸ್ಟಾಪಿನಲ್ಲಿ ಹೋಗಿ ನಿಂತ. ರಂಗನಾಥನ್ ಫ್ಯಾಕ್ಟರಿಯ ಕಡೆಯಿಂದ ಐದೂವರೆ ಬಸ್ಸು ಬಂತು. ಕಿಟಕಿಯಲ್ಲಿ ಸಿದ್ದಾಜಮ್ಮ, ಹಿಂದೆ ಪಾಪಾತಿ.

"ಸಿದ್ದಾಜಮ್ಮ, ನಾಳೆ ಬರ್ತೀರಾ?" ಎಂದ. ದನಿ ತಾನೇ ಕೆಳಗಿಳಿದಿತ್ತು.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಾಳೆ ಯಾವ ಫಂಕ್ಷನ್ ಸಾಮಿ?"

ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಎದುರಿನಿಂದ ಎಲೆ ತುಂಬಿದ ಪಿಕಪ್ಪೊಂದು ಬಂದು, ನಂಜುಂಡೇಶನ ಗೇಟು ದಾಟಿ, ರಂಗನಾಥನ್ ಫ್ಯಾಕ್ಟರಿಯ ಕಡೆಗೆ ಹೋಯಿತು.