ಹಂಗಾಮಿ ಹುಡುಗ

ಕೋಲ್ಬಿ ನಮ್ಮ ಮನೆಗೆ ಬಂದದ್ದು ಹಂಗಾಮಿಯಾಗಿ. ಬೇಸಿಗೆ ಬಂತೆಂದರೆ ನಮ್ಮ ಕಡಲೂರಿಗೆ ದೇಶದ ಮೂಲೆಮೂಲೆಯ ಕಾಲೇಜು ಹುಡುಗರು ಬೇಸ್‌ಬಾಲ್ ಆಡಲು ಬರುತ್ತಾರೆ. ಊರಿನವರು ಮನೆಗೊಬ್ಬರನ್ನು ಇಟ್ಟುಕೊಂಡು ಊಟ ಹಾಕುತ್ತೇವೆ. ಗಂಡ ಹೋದ ಮೇಲೆ ನನಗೆ ವರ್ಷಕ್ಕೆ ಅದೊಂದೇ ಸಡಗರ. ಆದರೆ ಜೂನ್ ತಿಂಗಳಲ್ಲಿ ಕೆಲವು ಕಾಲೇಜುಗಳ ದೊಡ್ಡ ಪಂದ್ಯಾವಳಿ ಇನ್ನೂ ನಡೆಯುತ್ತಿರುತ್ತದೆ. ಅಲ್ಲಿ ಆಡುವ ಕಾಯಂ ಹುಡುಗ ಬಂದು ಸೇರುವವರೆಗೆ ಜಾಗ ತುಂಬಲು ಒಬ್ಬ ಹಂಗಾಮಿಯನ್ನು ಕರೆಸುತ್ತಾರೆ. ಕಾಯಂ ಬಂದ ದಿನ ಹಂಗಾಮಿ ಗಂಟುಮೂಟೆ ಕಟ್ಟಬೇಕು. ಈ ನಿಯಮ ಬರೆದವನ ಕೈ ಸೇದಿಹೋಗಲಿ.

ಕಡಲೇ ಇಲ್ಲದ ನೆಬ್ರಾಸ್ಕಾದ ಹುಡುಗ. ಮೊದಲ ದಿನ ಮಾತು ಮಾತಿಗೂ ‘ಮೇಡಂ’ ಎಂದ. ನಾನು ರೇಗಿದೆ.

“ಲೋ, ನಾನೇನು ನಿನ್ನ ಶಾಲೆ ಟೀಚರಾ? ಇಲ್ಲಿ ಇರೋ ಹುಡುಗರೆಲ್ಲ ನನ್ನನ್ನ ಅಮ್ಮ ಅಂತಾರೆ.”

“ಆಯ್ತು ಮೇಡಂ,” ಎಂದು ತಾನೇ ನಕ್ಕುಬಿಟ್ಟ. ಆಮೇಲೆ ಅಮ್ಮನೇ ಆದೆ.

ಒಂದು ಸಂಜೆ ತಟ್ಟೆ ತೊಳೆಯುತ್ತಾ ಮನೆಯ ವಿಷಯ ಹೇಳಿದ. ಅವನಪ್ಪ ಲಾರಿ ಓಡಿಸುವವನು. ಜೀವಮಾನವೆಲ್ಲ ರಸ್ತೆಯಲ್ಲೇ ಕಳೆದದ್ದರಿಂದ ಮಗ ಬ್ಯಾಟ್ ಹಿಡಿದದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಈಗ ಹೊಟ್ಟೆಯಲ್ಲಿ ಕ್ಯಾನ್ಸರ್. ಚಳಿಗಾಲ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮುಂದಿನ ಶನಿವಾರ ಮಗನ ಆಟ ನೋಡಲೇಬೇಕೆಂದು ಹಟ ಹಿಡಿದು ಹೊರಟಿದ್ದ.

ಅಂದಿನಿಂದ ನಾನು ಟಿ.ವಿ. ಮುಂದೆ ಕೂತು, ಆ ಕಾಯಂ ಹುಡುಗನ ಕಾಲೇಜು ಗೆಲ್ಲಲಿ, ಗೆಲ್ಲುತ್ತಲೇ ಇರಲಿ ಎಂದು ಹರಕೆ ಹೊತ್ತೆ. ಆ ಕಾಲೇಜನ್ನು ಕಂಡರೆ ನನಗಾಗದು, ಆದರೂ ಬೇಡಿಕೊಂಡೆ. ದರಿದ್ರದವರು ಬುಧವಾರವೇ ಸೋತರು. ಶುಕ್ರವಾರ ಕಾಯಂ ಬಂದಿಳಿದ.

ತಂಡದ ಮ್ಯಾನೇಜರ್ ಗಸ್ ಪೀನಾ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದ. ನೇರ ಅವನ ಎದುರು ಹೋಗಿ ನಿಂತೆ.

“ಗಸ್, ನಾಳೆ ಒಂದು ದಿನ ಹುಡುಗನ್ನ ಇಟ್ಕೋ.”

“ನಿಯಮ ಇದೆಯಲ್ಲ ತೆಲ್ಮಾ...”

“ನಿನ್ನ ನಿಯಮಕ್ಕಿಷ್ಟು ಬೆಂಕಿ ಹಾಕ! ಇಷ್ಟು ವರ್ಷ ನಿನ್ನ ಹುಡುಗರಿಗೆ ಬೇಯಿಸಿ ಹಾಕಿದೀನಿ. ಉಪ್ಪಿನ ಋಣ ಅನ್ನೋದು ಒಂದಿದೆಯೋ ಇಲ್ವೋ?”

ಗಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ಕಾಯಂನವನೇ ಆಡ್ತಾನೆ. ಕೊನೆಕೊನೇಲಿ ಕೋಲ್ಬಿನ ಇಳಿಸ್ತೀನಿ, ಒಂದ್ಸಲ ಬ್ಯಾಟ್ ಸಿಗತ್ತೆ. ಸಾಕಾ? ಇನ್ನು ನನ್ನ ತಲೆ ತಿನ್ಬೇಡ ಮಾರಾಯ್ತಿ.”

ಶನಿವಾರ ಮಧ್ಯಾಹ್ನ ಕೋಲ್ಬಿಯ ಅಪ್ಪ ಡ್ಯಾರೆಲ್ ವಾವ್ರಾ ಬಂದ. ಆ ಸ್ಥಿತಿಯಲ್ಲೂ ತಾನೇ ಕಾರು ಓಡಿಸಿಕೊಂಡು ಬಂದಿದ್ದ, ಭಂಡ. ಮೈಯಲ್ಲಿ ಮೂಳೆ ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಕೊಟ್ಟ ಚಿಪ್ಪುಮೀನಿನ ಸೂಪನ್ನು ಚಮಚದಲ್ಲಿ ಕೆದಕಿ, “ಇದು ಪೂರ್ತಿ ಸತ್ತಿದೆ ತಾನೇ?” ಎಂದ.

“ನಿನಗಿಂತ ಚೆನ್ನಾಗಿ ಸತ್ತಿದೆ, ತಿನ್ನು,” ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆತ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ.

ಆಟ ಶುರುವಾದಾಗ ಚೆನ್ನಾಗಿ ಬಿಸಿಲಿತ್ತು. ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಎಂಟನೆಯದಕ್ಕೆ ಗಸ್ ಕೊಟ್ಟ ಮಾತಿನಂತೆ ಕೋಲ್ಬಿಯನ್ನು ಚೆಂಡು ಹಿಡಿಯಲು ಮೈದಾನದ ದೂರದಂಚಿನ ನಡುವಿಗೆ ಕಳಿಸಿದ. ಎದುರಾಳಿಗಳು ಔಟಾದರೆ ಸಾಕು, ನಮ್ಮ ಕಡೆಯಿಂದ ಮೊದಲು ಬ್ಯಾಟ್ ಹಿಡಿಯುವವನು ಅವನೇ. ಡ್ಯಾರೆಲ್ ಬೆಂಚಿನ ಅಂಚಿಗೆ ಸರಿದು ಕೂತ. ಅಷ್ಟರಲ್ಲಿ ಕಡಲಿನಿಂದ ಮಂಜು ಎದ್ದು ಬಂತು. ಬೇಲಿಯಾಚೆಯ ಪೈನ್ ಮರಗಳು ಹೋದವು, ಬೇಲಿ ಹೋಯಿತು, ನಮ್ಮ ಹುಡುಗನೂ ಅದರೊಳಗೆ ಹೋದ.

ಅಂಪೈರ್ ಆಟ ನಿಲ್ಲಿಸಿದ. ಮಂಜು ಕವಿದಾಗ ನಮ್ಮಲ್ಲೊಂದು ಪದ್ಧತಿಯಿದೆ: ಕೋಚ್ ಒಂದು ಚೆಂಡನ್ನು ಎತ್ತರಕ್ಕೆ ಹೊಡೆಯುತ್ತಾನೆ, ಕಂಡಿತೇ ಎಂದು ಅಂಪೈರ್ ಅಂಚಿನಲ್ಲಿರುವವನನ್ನು ಕೇಳುತ್ತಾನೆ. ಕಂಡಿತು ಎಂದರೆ ಆಟ ಮುಂದುವರಿಯುತ್ತದೆ. ಚೆಂಡು ಬೆನ್ನ ಹಿಂದೆ ಬಿದ್ದರೂ ಕೈಯೆತ್ತಿ “ಕಾಣ್ತು” ಎನ್ನುವ ಹುಡುಗರೇ ಹೆಚ್ಚು.

ಕೋಚ್ ಹೊಡೆದ. ದೂರದಲ್ಲೆಲ್ಲೋ ಚೆಂಡು ಹುಲ್ಲಿಗೆ ದೊಪ್ಪೆಂದು ಬಿತ್ತು.

“ಕಾಣ್ತೇನೋ ಮಗಾ?” ಎಂದು ಅಂಪೈರ್ ಕೂಗಿದ.

ನನಗೆ ತಡೆಯಲಾಗಲಿಲ್ಲ. “ಲೋ ಕೋಲ್ಬಿ, ಕಾಣ್ತು ಅನ್ನೋ ದಡ್ಡಾ!” ಎಂದು ಗಂಟಲು ಹರಿಯುವಂತೆ ಅರಚಿದೆ. ಜನರೆಲ್ಲ ತಿರುಗಿ ನೋಡಿದರು. ನೋಡಲಿ, ನನಗೇನು?

ಮಂಜಿನೊಳಗಿಂದ ದನಿ ಮಾತ್ರ ಬಂತು. “ಇಲ್ಲ ಸರ್. ಕಾಣ್ಲಿಲ್ಲ.”

ಕಾದರು. ಮಂಜು ಇನ್ನೂ ದಟ್ಟವಾಯಿತೇ ಹೊರತು ತೆರವಾಗಲಿಲ್ಲ. ಅಂಪೈರ್ ಕೈಯಾಡಿಸಿ ಆಟ ಮುಗಿಯಿತೆಂದ.

ಕೋಲ್ಬಿ ಬಂದವನು ಅಪ್ಪನ ಮುಖ ನೋಡಲಾರದೆ ನನ್ನತ್ತ ತಿರುಗಿದ. “ಪಕ್ಕದಲ್ಲಿ ಇನ್ನಿಬ್ಬರು ನಿಂತಿದ್ರು ಅಮ್ಮಾ. ಮುಂದಿನ ಚೆಂಡು ಅವರ ಮುಖಕ್ಕೆ ಬಡಿದಿದ್ರೆ?”

“ಬಡೀತಿರ್ಲಿಲ್ಲ!” ಎಂದೆ. ನ್ಯಾಯ ಅವನ ಕಡೆಗಿತ್ತು, ನನಗೆ ಗೊತ್ತು.

ಡ್ಯಾರೆಲ್ ಮಗನ ಹೆಗಲು ಹಿಡಿದು ನಿಧಾನಕ್ಕೆ ಎದ್ದ. “ಬಿಡೋ. ನಡಿ, ಚಳಿ ಆಗ್ತಿದೆ,” ಎಂದ.

ಮರುದಿನ ಬೆಳಗ್ಗೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೋಲ್ಬಿ ಊರಿಗೆ ಹೊರಟ. ಅವನ ಕೋಣೆಗೆ ಕಾಯಂನವನು ಬಂದ. ಒಳ್ಳೆಯ ಹುಡುಗನೇ, ಪಾಪ. ಆದರೂ ಅವನಿಗೆ ಬಡಿಸುವಾಗ ನನ್ನ ಕೈ ಮುಂದೆ ಹೋಗುತ್ತಿರಲಿಲ್ಲ. ಆಗಸ್ಟ್‌ನಲ್ಲಿ ನಮ್ಮೂರು ಫೈನಲ್ ಗೆದ್ದಿತು. ಜನ ಕುಣಿದರು. ನಾನು ಮನೆಗೆ ಬಂದು ಮಲಗಿದೆ.

ಅದೇ ವಾರ ಕೋಲ್ಬಿಯ ಫೋನು ಬಂತು. ಅಪ್ಪನ ಮಣ್ಣು ಮುಗಿಸಿ ಬಂದಿದ್ದ.

“ಅಮ್ಮಾ, ಬಂದೋರೆಲ್ಲ ನನ್ನ ಬೆನ್ನು ತಟ್ಟಿದ್ರು. ಅವತ್ತಿನ ಹೊಡೆತಕ್ಕೆ.”

“ಯಾವ ಹೊಡೆತ?”

“ಅಪ್ಪ ಎಲ್ರಿಗೂ ಹೇಳಿದಾರೆ. ನಾನು ಹೊಡೆದ ಚೆಂಡು ಬೇಲಿ ದಾಟಿ ಪೈನ್ ಮರದೊಳಗೆ ಹೋಯ್ತು ಅಂತ. ಆಸ್ಪತ್ರೆ ನರ್ಸಿಗೂ ದಿನಾ ಅದನ್ನೇ ಹೇಳ್ತಿದ್ರಂತೆ. ಅವಳು ಬಂದು, ಅಷ್ಟು ದೂರ ಹೋಗಿದ್ದು ನಿಜಾನಾ ಅಂತ ಕೇಳಿದ್ಲು.”

“ನೀನೇನಂದೆ?”

“ಹೂಂ ಅಂದೆ,” ಎಂದವನು ಬಿಕ್ಕಿ ಬಿಕ್ಕಿ ಅಳತೊಡಗಿದ. ಸಮಾಧಾನ ಹೇಳಬೇಕಾದವಳು ನಾನು; ಫೋನು ಹಿಡಿದುಕೊಂಡು ನಾನೂ ಅತ್ತೆ.