ಲೆಯೊಕಾಡಿಯಾ ಬರೆದ ಉತ್ತರ

ಹೆಂಡತಿಯ ಶವಪೆಟ್ಟಿಗೆ ಹೊರುವವರಿಗೆ ದಾರಿಯಾಗಲೆಂದು ತಾದೆಕ್ ಮುಂಕೋಣೆಯ ರೇಡಿಯೋವನ್ನು ಗೋಡೆಯಿಂದ ಎಳೆಯುತ್ತಿದ್ದ.

"ಭಾವ, ಅದನ್ನ ಯಾಕೆ ಹೊರಗೆ ಹಾಕ್ತೀಯ? ಅಕ್ಕ ಫಾದರ್ ಗ್ಯಾರಿಟಿ ಹತ್ರಾನೇ ದುಡಿದೋಳು," ಎಂದ ಜಿಗ್ಮುಂತ್. ಅವನ ಕೋಟಿನ ಮೇಲೆ ಆ ರೇಡಿಯೋ ಪಾದ್ರಿಯ ಸಂಘದ ಬಿಲ್ಲೆಯಿತ್ತು.

"ಪೆಟ್ಟಿಗೆ ತಿರುಗ್ಬೇಕಲ್ಲೋ. ಸುಮ್ನೆ ಆ ಕಡೆ ಹಿಡಿ."

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ತೆಳು ಕೋಟಿನ ಒಬ್ಬ ಅಪರಿಚಿತ, ಹ್ಯಾಟು ಕೈಯಲ್ಲಿ.

"ಲೆಯೊಕಾಡಿಯಾ ವ್ರೋನಾ ಅವರ ಮನೆ ಇದೇನಾ? ನಾನು ಆರ್ವಿಲ್ ಟ್ಯಾಕೆಟ್ ಅಂತ. ಟೊಲೀಡೋದಿಂದ ಬಸ್ಸಲ್ಲಿ ಬಂದೆ. ಅವರನ್ನೊಂದ್ಸಲ..." ಮಾತು ಮುಗಿಯುವ ಮೊದಲೇ ಅವನಿಗೆ ಪೆಟ್ಟಿಗೆ ಕಂಡಿತು. "ಅಯ್ಯೋ. ತಡ ಮಾಡ್ಬಿಟ್ಟೆ."

ಅವನು ಒಳಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ತಾದೆಕನ ಕೈಗಿಟ್ಟ.

* * *

ಮೂರು ವರ್ಷ ಲೆಯೊಕಾಡಿಯಾ ಗ್ಯಾರಿಟಿಯವರ ಕಚೇರಿಯಲ್ಲಿ ಕೂತು ಕೇಳುಗರ ಪತ್ರಗಳಿಗೆ ಉತ್ತರ ಟೈಪು ಮಾಡಿದ್ದಳು. ಎಲ್ಲ ಪತ್ರಕ್ಕೂ ಒಂದೇ ಉತ್ತರ: 'ಫಾದರ್ ನಿಮಗಾಗಿ ಪ್ರಾರ್ಥಿಸಿದ್ದಾರೆ.' ಕೆಳಗೆ ಅವರ ಸಹಿಯ ಮೊಹರು. ಮೂವತ್ತರ ದಶಕದ ಡೆಟ್ರಾಯಿಟಿನಲ್ಲಿ ಕೆಲಸವಿಲ್ಲದೆ ಒದ್ದಾಡುತ್ತಿದ್ದವರಿಗೆ ರೇಡಿಯೋದಲ್ಲಿ ಬರುವ ಅವರ ದನಿಯೇ ಆಸರೆಯಾಗಿದ್ದ ಕಾಲ. ಅವಳಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆಯಿತ್ತು. ಬರಬರುತ್ತಾ ಆ ದನಿ ಎಲ್ಲ ಕಷ್ಟಕ್ಕೂ ಯಹೂದಿಗಳತ್ತ ಬೊಟ್ಟು ಮಾಡತೊಡಗಿತು.

ಕಳೆದ ನವೆಂಬರಿನಲ್ಲಿ ಒಂದು ದಿನ ಅವಳು ಮಧ್ಯಾಹ್ನವೇ ಮನೆಗೆ ಬಂದಳು.

"ಕೆಲಸ ಹೋಯ್ತು, ತಾದೆಕ್."

"ಯಾಕೆ?"

"ಕಣ್ಣು ಸರಿಯಾಗಿ ಕಾಣ್ತಿಲ್ಲ."

ತಾದೆಕ್ ಕನ್ನಡಕ ಕೊಡಿಸಿದ. ಅವಳು ಅದನ್ನು ಹಾಕಿಕೊಂಡೇ ಆಲೂಗಡ್ಡೆ ಸುಲಿದಳು, ಹಾಕಿಕೊಂಡೇ ಕಾಲುಚೀಲ ಹೆಣೆದಳು. ಫೆಬ್ರವರಿಯಲ್ಲಿ ನ್ಯುಮೋನಿಯಾ ಬಂತು. ಆರೇ ದಿನ.

* * *

ಕಾಗದದಲ್ಲಿ ಮೊಹರಿರಲಿಲ್ಲ. ಶಾಯಿಯಲ್ಲಿ ಅವಳದೇ ಹೆಸರು, ಈ ಮನೆಯದೇ ವಿಳಾಸ, ಕಳೆದ ನವೆಂಬರಿನ ತಾರೀಖು. ತಾದೆಕ್ ಗಟ್ಟಿಯಾಗಿ ಓದಿದ:

'ಅಂಗಡಿಯ ಗಾಜು ಒಡೆದೆನೆಂದು ಬರೆದು ಆಶೀರ್ವಾದ ಕೇಳಿದ್ದೀರಿ. ಫಾದರ್ ಪ್ರಾರ್ಥಿಸಿದ್ದಾರೆಂದು ನಾನು ಟೈಪು ಮಾಡಲಾರೆ. ಹೋಗಿ ಹೊಸ ಗಾಜು ಕೂರಿಸಿ. ಆಮೇಲೆ ನನಗೆ ತಿಳಿಸಿ.'

"ಯಾರ ಅಂಗಡಿ?" ಎಂದ ಜಿಗ್ಮುಂತ್. "ಯಹೂದಿದಾ?"

"ಹೌದು. ಗಡಿಯಾರ ರಿಪೇರಿಯೋನು," ಎಂದ ಟ್ಯಾಕೆಟ್. "ಹೊಸ ಗಾಜು ಕೂರಿಸಿದೆ. ಅದನ್ನೇ ಅವರಿಗೆ ಹೇಳೋಣ ಅಂತ ಬಂದೆ."

"ಅಕ್ಕ ಇಂಥದ್ದೆಲ್ಲ ಬರೆಯೋಳಲ್ಲ. ಯಾರದೋ ಕಿತಾಪತಿ ಇದು."

"ಇಪ್ಪತ್ತೆರಡು ವರ್ಷ ಬಾಳಿದೀನಿ. ಅವಳ ಸಹಿ ನಂಗೆ ಗೊತ್ತಾಗಲ್ವೇನೋ?"

"ಇವನು ಬಂದ್ರೆ ನಾನು ಹೆಗಲು ಕೊಡಲ್ಲ, ಭಾವ."

ತಾದೆಕ್ ಕಾಗದವನ್ನು ಮೊದಲಿದ್ದ ಹಾಗೆಯೇ ಮಡಿಸಿದ. ಕಣ್ಣಿನ ನೆಪ ಹೇಳಿದ ಆ ಮಧ್ಯಾಹ್ನ ತಾನು ಇನ್ನೊಂದು ಮಾತು ಕೇಳಬಹುದಿತ್ತು ಎನಿಸಿತು.

"ಬೇಡ ಬಿಡು. ಹಿಂದೆ ನಡ್ಕೊಂಡು ಬಾ," ಎಂದ. ಆಮೇಲೆ ಟ್ಯಾಕೆಟನ ಕಡೆ ತಿರುಗಿ, "ನೀವು ಬನ್ನಿ. ಎಡಗಡೆ ಹಿಡ್ಕೊಳ್ಳಿ."

ಜಿಗ್ಮುಂತ್ ಮಣ್ಣಿಗೆ ಬಂದ. ಆದರೆ ಊಟಕ್ಕೆ ನಿಲ್ಲದೆ ಹೊರಟುಹೋದ.

ಸ್ಮಶಾನದ ಗೇಟಿನ ಬಳಿ ತಾದೆಕ್ ಕೇಳಿದ: "ಗಾಜು ಹಾಕಿದ್ರಲ್ಲ, ಆ ಗಡಿಯಾರದೋನು ಏನಂದ?"

"ಏನೂ ಅನ್ಲಿಲ್ಲ ಯಜಮಾನ್ರೇ. ನಾನು ಹೊರಗಡೆ ನಿಂತು ಒರೆಸ್ತಿದ್ದೆ. ಅವನೂ ಒಂದು ಬಟ್ಟೆ ತಗೊಂಡು ಬಂದು ಒಳಗಿಂದ ಒರೆಸೋಕೆ ಶುರು ಮಾಡ್ದ. ನಾನೆಲ್ಲಿ ಒರೆಸ್ತೀನೋ, ಅಲ್ಲೇ."

ಟ್ಯಾಕೆಟ್ ಕೈಯೆತ್ತಿ ಬರಿಗಾಳಿಯಲ್ಲಿ ಮೆಲ್ಲಗೆ ಸುತ್ತಿಸಿ ತೋರಿಸಿದ. ತಾದೆಕನ ಕೈಯೂ, ಅವನಿಗೇ ಅರಿವಿಲ್ಲದೆ, ಎದುರಿಂದ ಮೇಲೆದ್ದಿತು.